ಗಾಳಿ ನಿಂತ ಮೇಲಿನ ಸಮುದ್ರ

ಚಡಚಣದಿಂದ ಸಮುದ್ರ ನೋಡಲಿಕ್ಕೆ ಹೋಗಬೇಕಂದ್ರ ಒಂದು ರಾತ್ರಿ ಪೂರ್ತಿ ಗಾಡಿಯೊಳಗ ಕೂಡಬೇಕು. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾಟಿ ಗೋಕರ್ಣ ಮುಟ್ಟುವಷ್ಟರಲ್ಲಿ ನಾಲ್ಕು ನೂರು ಕಿಲೋಮೀಟರಿನ ಆಸುಪಾಸು ಆಗಿರುತ್ತದೆ. ಹಿಂಗಾಗಿ ನಮ್ಮ ಕಡೆಯವರಿಗೆ ಸಮುದ್ರ ಮೊದಲು ಸಿಗುವುದು ಪೇಪರಿನಲ್ಲಿ, ಟಿ.ವಿ.ಯಲ್ಲಿ, ಈಗೀಗ ಮೊಬೈಲಿನಲ್ಲಿ. ಕಣ್ಣಿಗೆ ಕಾಣುವುದು ಆಮೇಲೆ. ಎಷ್ಟೋ ಮಂದಿಗೆ ಕಾಣುವುದೇ ಇಲ್ಲ. ಮೀನುಗಾರರ ಮನೆಯ ಹುಡುಗ ಅಪ್ಪನ ಹಿಂದೆ ನಿಂತು ಕಲಿಯುವುದನ್ನು ನಾವು ಓದಿಯೇ ತಿಳಿಯಬೇಕು. ಅದಕ್ಕೇ ಸಮುದ್ರದ ಬಗ್ಗೆ ಕನ್ನಡದಾಗ ಏನು ಬರೀತಾರ, ಹೆಂಗ ಬರೀತಾರ ಅನ್ನೂದು ಕರಾವಳಿಯವರಿಗಿಂತ ನಮಗ ಹೆಚ್ಚು ಬೇಕಾದ ಮಾತು.

ಪುಸ್ತಕ ವಿಮರ್ಶೆ, ಸಿನೆಮಾ ವಿಮರ್ಶೆ ಬರೀತಿದ್ದವ ಹವಾಮಾನದ ಸುದ್ದಿಗೆ ಯಾಕ ಇಳಿದಾ ಅಂತ ನೀವು ಕೇಳಬಹುದು. ಚಂಡಮಾರುತದ ಸುದ್ದಿಯೂ ಒಂದು ಬರವಣಿಗೆಯೇ ಅಲ್ಲೇನ್ರಿ. ಅದಕ್ಕೂ ಓದುಗ ಇದ್ದಾನೆ, ಅದಕ್ಕೂ ಒಂದು ಧಾಟಿ ಇದೆ, ಚಟಗಳಿವೆ. ವ್ಯತ್ಯಾಸ ಇಷ್ಟೇ: ಕೆಟ್ಟ ಕಾದಂಬರಿ ಓದಿದರ ರೊಕ್ಕ ಹೋಗ್ತದ, ಕೆಟ್ಟ ಸುದ್ದಿ ನಂಬಿ ಸಮುದ್ರಕ್ಕೆ ಇಳಿದರ ಮನುಷ್ಯ ಹೋಗ್ತಾನ.

2019ರ ದೀಪಾವಳಿಯಿಂದ ಶುರು ಮಾಡ್ತೀನಿ. ಆ ವರ್ಷ ಅಮಾಸಿ ಅಕ್ಟೋಬರ್ 27, ಪಾಡ್ಯ 28. ಪಾಡ್ಯದ ರಾತ್ರಿ ಹೊರಟು ಗೋಕರ್ಣ, ಮುರ್ಡೇಶ್ವರ ಮುಗಿಸಿ ಬರುವುದಂತ ನಾವು, ನಮ್ಮ ಅಕ್ಕನ ಮನೆಯವರು ಕೂಡಿ ಒಂದು ಕ್ರೂಸರ್ ಗಾಡಿ ಮಾತಾಡಿದ್ದೆವು. ಒಟ್ಟು ಹನ್ನೊಂದು ಮಂದಿ. ಅವ್ವ ಅಲ್ಲಿತನಕ ಸಮುದ್ರ ನೋಡಿರಲಿಲ್ಲ. ಪಂಢರಪುರ, ತುಳಜಾಪುರ, ಶ್ರೀಶೈಲ ಎಲ್ಲಾ ಆಗಿತ್ತು, ಇದೊಂದು ಉಳಿದಿತ್ತು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕರದಂಟು, ಚುರಮುರಿ ಎಲ್ಲಾ ಕಟ್ಟಿಡುವ ಹೊತ್ತಿಗೆ ಟಿ.ವಿ.ಯಲ್ಲಿ ‘ಕ್ಯಾರ್’ ಬಂತು.

ಅಕ್ಟೋಬರ್ 24ರ ಸುಮಾರಿಗೆ ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತವಾಗಿ ಎದ್ದದ್ದು ಮರುದಿನ ಚಂಡಮಾರುತವಾಯಿತು. 27ಕ್ಕೆ ಸೂಪರ್ ಸೈಕ್ಲೋನ್. 2007ರ ‘ಗೋನು’ ಆದ ಮೇಲೆ ಅರಬ್ಬಿ ಸಮುದ್ರದಲ್ಲಿ ಅಷ್ಟು ದೊಡ್ಡದು ಎದ್ದಿರಲಿಲ್ಲ. ಕರಾವಳಿಯಲ್ಲಿ ಧೋ ಅಂತ ಮಳೆ, ಮೀನು ಹಿಡಿಯಲು ಹೋದ ದೋಣಿಗಳು ಕಾರವಾರ ಬಂದರಿಗೆ ಓಡಿ ಬಂದು ನಿಂತವು. ಟಿ.ವಿ.ಯವರು ತಮ್ಮ ಪದಕೋಶದ ಮೂರು ಪದ ಹೊರತೆಗೆದರು: ಅಬ್ಬರ, ಆರ್ಭಟ, ರೌದ್ರಾವತಾರ. ‘ಕ್ಯಾರ್’ ಅಂದ್ರ ಬರ್ಮಾದವರ ಭಾಷೆಯಲ್ಲಿ ಹುಲಿ ಅಂತ ನಮ್ಮ ಮನಿಯಾಗ ಸಣ್ಣ ಹುಡುಗರಿಗೂ ಗೊತ್ತಾಯಿತು. ಹೆಸರಿನ ಅರ್ಥ ಹೇಳುವುದರಲ್ಲಿ ನಮ್ಮವರನ್ನು ಮೀರಿಸುವವರು ಇಲ್ಲ.

ನಂತರ ಆ ಚಂಡಮಾರುತ ನಮ್ಮ ದಂಡೆಗೆ ಬಡಿಯದೆ ಪಶ್ಚಿಮಕ್ಕೆ, ಒಮಾನ್ ದಿಕ್ಕಿಗೆ ತಿರುಗಿತು. ತಿರುಗಿದ್ದೇ ತಡ, ಸುದ್ದಿಯೂ ತಿರುಗಿತು. ಅಪಾಯ ಪಾರು, ಕರಾವಳಿ ನಿರಾಳ. ಮರುದಿನದಿಂದ ಪಟಾಕಿ, ಲಕ್ಷ್ಮೀಪೂಜೆ, ಚಿನ್ನದ ರೇಟು. ನಾನು ಉಳಿಯಲು ಕೋಣೆ ಹಿಡಿದಿದ್ದ ಜಾಗಕ್ಕೆ ಫೋನ್ ಹಚ್ಚಿದರೆ, “ಏನೂ ತೊಂದರೆ ಇಲ್ಲ, ಬಿಸಿಲು ಬಿದ್ದಿದೆ, ಆರಾಮಾಗಿ ಬನ್ನಿ” ಅಂದರು. ಸುಳ್ಳೇನಲ್ಲ. ಬಿಸಿಲು ಬಿದ್ದಿತ್ತು.

29ರ ಮುಂಜಾನೆ ಗೋಕರ್ಣದ ದಂಡೆಗೆ ಹೋಗಿ ನಿಂತಾಗ ಆಕಾಶ ತೊಳೆದಿಟ್ಟಂಗ ಇತ್ತು. ಸಮುದ್ರ ಮಾತ್ರ ಚಿತ್ರದೊಳಗಿನ ನೀಲಿ ಅಲ್ಲ. ನಮ್ಮ ಭೀಮಾ ಹೊಳಿಗೆ ಹೊಸ ನೀರು ಬಂದಾಗಿನ ಬಣ್ಣ. ಮರಳಿನ ಮೇಲೆ ಕಟ್ಟಿಗೆ ತುಂಡು, ಪ್ಲಾಸ್ಟಿಕ್, ಹರಿದ ಬಲೆ, ಒಂದೇ ಕಾಲಿನ ಚಪ್ಪಲಿಗಳ ರಾಶಿ. ದಂಡೆ ಒಂದು ಕಡೆ ಮಟ್ಟಸ, ಇನ್ನೊಂದು ಕಡೆ ಯಾರೋ ಸಲಿಕೆ ಹಚ್ಚಿ ಕಡಿದಂಗ ಮೊಣಕಾಲುದ್ದ ಇಳಿಜಾರು. ಅಲೆ ದೊಡ್ಡವು. ಆದರೆ ಎಲ್ಲಾ ಕಡೆ ಅಲ್ಲ. ಎರಡು ಕಡೆ ನೊರೆ ನೊರೆಯಾಗಿ ಒಡೆಯುತ್ತಿದ್ದ ಅಲೆಗಳ ನಡುವೆ ಒಂದು ಪಟ್ಟಿಯಷ್ಟು ನೀರು ತೆಪ್ಪಗ ಇತ್ತು. ಅಲ್ಲಿ ನೊರೆ ಇಲ್ಲ, ಸಪ್ಪಳ ಇಲ್ಲ. ಅಕ್ಕನ ಮಗ, ಆಗ ಹತ್ತೊಂಬತ್ತು ವರ್ಷದವ, ಭೀಮಾದಾಗ ಈಜು ಕಲಿತವ, “ಮಾಮಾ, ಅಲ್ಲಿ ತಣ್ಣಗ ಅದ, ಅಲ್ಲಿ ಇಳೀತೀನಿ” ಅಂದ. ನಾನು, “ಹೂಂ, ದೊಡ್ಡ ಅಲಿ ಕಡೆ ಮಾತ್ರ ಹೋಗಬ್ಯಾಡ” ಅಂದೆ. ಆ ಮಾತು ಆಡಿದವ ನಾನೇ.

ಸೊಂಟದ ಮಟ ನೀರಿಗೆ ಹೋದವ ಮುಂದಿನ ಅರೆ ನಿಮಿಷದೊಳಗ ಎದೆ ಮಟ ನೀರಿನಲ್ಲಿದ್ದ. ತಾನು ನಡೆದು ಹೋಗಿರಲಿಲ್ಲ, ನೀರೇ ಒಯ್ದಿತ್ತು. ದಂಡೆಯ ಕಡೆ ಮುಖ ಮಾಡಿ ಈಜುತ್ತಾನೆ, ಹಿಂದಕ್ಕೇ ಹೋಗುತ್ತಾನೆ. ನಾವು ಏನಾಗ್ತಿದೆ ಅಂತ ತಿಳಿಯುವ ಮೊದಲೇ ಬಲೆ ಬಿಡಿಸುತ್ತ ಕೂತಿದ್ದ ಒಬ್ಬ ಹಿರಿಯರು ಎದ್ದು ಕೂಗಿದರು, “ಈ ಕಡೆ ಬರಬೇಡ, ಅಡ್ಡ ಹೋಗು, ಅಡ್ಡ!” ಕೈ ಬೀಸಿ ತೋರಿಸಿದರು. ಹುಡುಗ ದಂಡೆಗುಂಟ ಬಲಕ್ಕೆ ಈಜಿದ. ನೊರೆ ಒಡೆಯುವ ಜಾಗ ಸಿಕ್ಕಿತು, ಅಲೆಯೇ ಅವನನ್ನು ನೂಕಿ ತಂದು ಮರಳಿಗೆ ಹಾಕಿತು. ಯಾವ ಅಲೆಯ ಕಡೆ ಹೋಗಬ್ಯಾಡ ಅಂದಿದ್ದೆನೋ ಅದೇ ಅಲೆ. ಅಕ್ಕ ಅವತ್ತು ಸಂಜೀತನಕ ನನ್ನ ಜೋಡಿ ಮಾತಾಡಲಿಲ್ಲ.

ಆ ಹಿರಿಯರು ಚಹಾ ಕುಡಿಯುತ್ತ ಹೇಳಿದ್ದು ಇಷ್ಟು. ಗಾಳಿ ಬಂದಾಗ ಸಮುದ್ರ ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ದಿಬ್ಬ ಮಾಡಿ ಇಡುತ್ತದೆ. ಆಮೇಲೆ ಬರುವ ಅಲೆಯ ನೀರು ಆ ದಿಬ್ಬ ಹಾರಿ ಒಳಗೆ ಬಂದು ತುಂಬುತ್ತದೆ. ತುಂಬಿದ ನೀರು ವಾಪಸ್ ಹೋಗಬೇಕಲ್ಲ? ದಿಬ್ಬ ಎಲ್ಲಿ ತಗ್ಗಾಗಿದೆಯೋ ಅಲ್ಲಿಂದ ಜೋರಾಗಿ ಹೋಗುತ್ತದೆ. ಅಲ್ಲಿ ಆಳ ಹೆಚ್ಚು, ಹಂಗಾಗಿ ಅಲೆ ಒಡೆಯುವುದಿಲ್ಲ, ಮೇಲೆ ನೋಡಿದರೆ ಶಾಂತ. ಗಾಳಿ ಬರುವ ಮೊದಲು ಆ ದಾರಿ ಒಂದು ಕಡೆ ಇದ್ದರೆ ಗಾಳಿ ಹೋದ ಮೇಲೆ ಇನ್ನೊಂದು ಕಡೆ. ಸ್ಥಳದವರೇ ನಾಲ್ಕು ದಿನ ನೋಡಿ ಇಳಿಯಬೇಕು ಅಂದರು.

ಕೇಳುತ್ತ ಕೇಳುತ್ತ ನನಗೆ ನಾಚಿಕೆ ಆಯಿತು. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಹೊಲದಲ್ಲಿ ದೊಡ್ಡ ಮಳೆಯಾದಾಗ ಒಡ್ಡಿನ ಹಿಂದೆ ನೀರು ನಿಂತು, ಒಡ್ಡು ಒಡೆದ ಒಂದೇ ಕಡೆಯಿಂದ ಎಮ್ಮಿ ಕೊಚ್ಚಿಕೊಂಡು ಹೋಗುವಷ್ಟು ರಭಸದಿಂದ ಹರಿಯುವುದನ್ನು ಇಂಡಿ, ಸಿಂದಗಿ, ಚಡಚಣದ ಯಾವ ರೈತ ನೋಡಿಲ್ಲ? ಹೊಳೆಯಲ್ಲಿ ನೀರು ತಣ್ಣಗ ಕಂಡಲ್ಲಿ ಮಡು ಇರ್ತದ ಅಂತ ಹುಡುಗರಿಗೆ ಹೇಳಿ ಬೆಳೆಸಿದವರು ನಾವು. ಇದಕ್ಕೆ ನಮ್ಮಲ್ಲಿ ಶಬ್ದವೂ ಇದೆ: ಸೆಳವು. ‘ಅಲ್ಲಿ ಸೆಳವು ಅದ’ ಅಂತ ಒಬ್ಬರು ಒಂದು ಸಲ ಪೇಪರಿನಲ್ಲಿ ಬರೆದಿದ್ದರೆ ನಾನು ಆ ಹುಡುಗನಿಗೆ ಹೂಂ ಅನ್ನುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಗ್ರಂಥಾಲಯಕ್ಕೆ ಹೋಗಿ ಆ ವಾರದ ಪೇಪರುಗಳನ್ನೆಲ್ಲ ತೆಗೆದು ಓದಿದೆ. ಆಮೇಲೆ ಇದೊಂದು ಚಟವೇ ಆಯಿತು. 2021ರ ಮೇ ತಿಂಗಳ ‘ತೌಕ್ತೆ’, 2023ರ ಜೂನಿನ ‘ಬಿಪರ್‌ಜಾಯ್’, 2024ರ ‘ಫೆಂಗಲ್’. ಪ್ರತಿ ಸಲ ಚಂಡಮಾರುತದ ಮೊದಲ ದಿನದಿಂದ ಅದು ಹೋದ ಎಂಟನೇ ದಿನದವರೆಗೆ ಸಿಕ್ಕಷ್ಟು ಪೇಪರು ಓದುವುದು. ಸೊಲ್ಲಾಪುರದಿಂದ ನಮ್ಮೂರಿಗೆ ಬರುವ ಮರಾಠಿ ಪೇಪರುಗಳನ್ನೂ ನೋಡಿದೆ, ಅಲ್ಲಿ ಕೊಂಕಣದ ದಂಡೆಯ ಕಥಿಯೂ ಇದಕ್ಕಿಂತ ಬ್ಯಾರೆ ಇಲ್ಲ.

ನಾನು ಓದಿದ್ದರಲ್ಲಿ ಮೊದಲು ಕಂಡದ್ದು, ನಮ್ಮ ಸುದ್ದಿಗೆ ಗಾಳಿ ಕಾಣುತ್ತದೆ, ನೀರು ಕಾಣುವುದಿಲ್ಲ. ಗಾಳಿ ಎಷ್ಟು ವೇಗ, ಎಷ್ಟು ಮರ ಬಿತ್ತು, ಎಷ್ಟು ಕಂಬ ಮುರೀತು, ಇದರ ಲೆಕ್ಕ ಪಕ್ಕಾ. ಗಾಳಿ ನಿಂತ ದಿನ ಸುದ್ದಿ ಮುಗೀತು. ಆದರೆ ಅಲೆ ಗಾಳಿಯ ಜೋಡಿ ನಿಲ್ಲುವುದಿಲ್ಲ. ಚಂಡಮಾರುತ ಸಾವಿರ ಕಿಲೋಮೀಟರ್ ದೂರ ಒಮಾನ್ ಕಡೆ ಹೋದ ಮೇಲೂ ಅದು ಎಬ್ಬಿಸಿದ ಉದ್ದುದ್ದ ಅಲೆಗಳು ನಮ್ಮ ದಂಡೆಗೆ ಬರುತ್ತಲೇ ಇರುತ್ತವೆ. ಇದರ ಹದ್ದು ಮೀರಿದ ರೂಪವೊಂದು ಕೇರಳದ ಮೀನುಗಾರರಿಗೆ ಗೊತ್ತು: ಅವರು ಅದನ್ನು ‘ಕಳ್ಳಕ್ಕಡಲ್’ ಅನ್ನುತ್ತಾರೆ. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಗಾಳಿ ಬೀಸಿರುತ್ತದೆ, ಇಲ್ಲಿ ಎಲೆ ಅಲ್ಲಾಡುವುದಿಲ್ಲ, ಸಮುದ್ರ ಕಳ್ಳನಂಗ ಮನೆಯೊಳಗೆ ಬರುತ್ತದೆ. ಎಂಥಾ ಶಬ್ದ ನೋಡ್ರಿ. ಒಂದು ಶಬ್ದದಲ್ಲಿ ಇಡೀ ಎಚ್ಚರಿಕೆ ಇದೆ. ವಿಜ್ಞಾನಿಗಳೂ ಅದನ್ನೇ ಎತ್ತಿಕೊಂಡು ಬಳಸುತ್ತಾರೆ. ನಮ್ಮ ‘ಅಬ್ಬರ’ದಲ್ಲಿ ಸಪ್ಪಳ ಬಿಟ್ಟರೆ ಏನೂ ಇಲ್ಲ. ಅದಕ್ಕಿಂತ ಕೆಟ್ಟದ್ದು, ‘ಅಬ್ಬರ’ ಓದಿ ಓದಿ ಸಪ್ಪಳ ಇಲ್ಲದಲ್ಲಿ ಅಪಾಯ ಇಲ್ಲ ಅಂತ ನಮ್ಮ ತಲೆಯಲ್ಲಿ ಕೂತುಬಿಡುತ್ತದೆ. ನನ್ನ ತಲೆಯಲ್ಲಿ ಕೂತಿತ್ತು.

ಈ ಎಲ್ಲಾ ಓದಿನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಗದ್ಯ ಯಾವುದು ಗೊತ್ತೇನ್ರಿ? ಸುದ್ದಿಯ ತಳದಲ್ಲಿ ಎರಡು ಸಾಲಿನಲ್ಲಿ ಬರುವ ಮೀನುಗಾರರ ಎಚ್ಚರಿಕೆ. ಹವಾಮಾನ ಇಲಾಖೆಯ ಮಾತು. ಇಂಥ ದಿನದಿಂದ ಇಂಥ ದಿನದವರೆಗೆ, ಸಮುದ್ರದ ಇಂಥ ಭಾಗ, ಗಾಳಿ ಇಷ್ಟು, ಹೋಗಬೇಡಿ. ವಿಶೇಷಣ ಒಂದೂ ಇಲ್ಲ. ಅದರ ಜೋಡಿ ಇನ್‌ಕಾಯ್ಸ್ ಅನ್ನುವ ಸಂಸ್ಥೆ ಅಲೆಯ ಎತ್ತರ ಹೇಳುತ್ತದೆ: ಉತ್ತರ ಕನ್ನಡಕ್ಕಾದರೆ ಮಾಜಾಳಿಯಿಂದ ಭಟ್ಕಳದವರೆಗೆ ಇಷ್ಟು ಮೀಟರ್, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ. ಈ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ, ನಮ್ಮಂಗ ಸಮುದ್ರ ಇಲ್ಲದ ಊರಲ್ಲಿ. ದೂರ ಇದ್ದವರಿಗೂ ಸಮುದ್ರ ತಿಳಿಯಬಹುದು ಅನ್ನಲಿಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಆದರೆ ಈ ಎಚ್ಚರಿಕೆ ಬರೆದದ್ದು ದೋಣಿಯವನಿಗೆ. ದಂಡೆಗೆ ಹೋಗುವ ನಮ್ಮಂಥವರಿಗೆ ಅದನ್ನು ಬಿಡಿಸಿ ಹೇಳುವ ಕೆಲಸ ಪೇಪರಿನದು. ಅಲೆಯ ಎತ್ತರ ಮೂರು ಮೀಟರ್ ಅಂತ ಬಂದರೆ, ಎಲ್ಲಕ್ಕಿಂತ ಎತ್ತರದ ಅಲೆ ಮೂರು ಮೀಟರ್ ಅಂತ ನಾವು ತಿಳಿಯುತ್ತೇವೆ. ಹಂಗಲ್ಲ ಅದು. ಬರುವ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಭಾಗ ತೆಗೆದುಕೊಂಡು ಅವುಗಳ ಸರಾಸರಿ ಹೇಳಿರುತ್ತಾರೆ. ನಡುನಡುವೆ ಅದರ ಒಂದೂವರೆ ಪಟ್ಟು, ಹೆಚ್ಚುಕಡಿಮೆ ಎರಡು ಪಟ್ಟಿನದೂ ಬರಬಹುದು. ಬಂಡೆಯ ಮೇಲೆ ನಿಂತು ಫೋಟೋ ಹೊಡೆಸಿಕೊಳ್ಳುವವರನ್ನು ಒಯ್ಯುವುದು ಈ ನಡುವಿನ ಅಲೆಯೇ. ಹತ್ತು ನಿಮಿಷ ನೋಡಿದ್ವಿ, ಇಲ್ಲಿತನಕ ನೀರು ಬರಲಿಲ್ಲ ಅಂತ ಅವರು ಲೆಕ್ಕ ಹಾಕಿರುತ್ತಾರೆ. ಈ ಒಂದು ವಾಕ್ಯ ಬರೆಯಲು ಪೇಪರಿನಲ್ಲಿ ಜಾಗ ಇಲ್ಲೇನು? ಹುಲಿಯ ಅರ್ಥ ಹೇಳಲು ಇತ್ತಲ್ಲ.

ಇದಕ್ಕೆ ವರದಿಗಾರರನ್ನು ಬೈದರೆ ಅನ್ಯಾಯ ಆಗುತ್ತದೆ. ಯಾಕಂದ್ರ ಒಮ್ಮೆ ಮಂಗಳೂರಿಗೆ ಹೋದಾಗ ಅಲ್ಲಿಯ ಪೇಪರು ಓದಿ ದಂಗಾದೆ. ನಮ್ಮಲ್ಲಿಗೆ ಬರುವ ಅದೇ ಪೇಪರು, ಅದೇ ಹೆಸರು, ಅದೇ ದಿನ. ಒಳಗಿನ ಪುಟ ಬ್ಯಾರೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದಲ್ಲಿ ಎಲ್ಲಿ ಕಡಲ್ಕೊರೆತ ಆಗಿದೆ, ಯಾವ ರಸ್ತೆ ಹೋಗಿದೆ, ಎಷ್ಟು ತೆಂಗಿನ ಮರ ಬಿದ್ದಿವೆ, ಎಲ್ಲಿ ಕಲ್ಲು ಹಾಕಿದ್ದಾರೆ, ಎಲ್ಲಾ ಬೀದಿ ಬೀದಿ ಲೆಕ್ಕ. ‘ಕಡಲ್ಕೊರೆತ’ ಅನ್ನುವ ಶಬ್ದವನ್ನೇ ನೋಡ್ರಿ, ಎಷ್ಟು ಚಂದ ಮಾಡಿಕೊಂಡಾರ. ಬರೆಯುವವರಿಗೆ ಗೊತ್ತಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತು. ಆದರೆ ಆ ಪುಟ ಮಂಗಳೂರು, ಉಡುಪಿಯ ಆವೃತ್ತಿಗೆ ನಿಂತುಬಿಡುತ್ತದೆ. ವಿಜಯಪುರ ಆವೃತ್ತಿಗೆ ಬರುವುದು ಮುಖಪುಟದ ಅಬ್ಬರ ಮತ್ತು ಒಂದು ಫೋಟೋ. ಸಮುದ್ರದ ಪಕ್ಕ ಹುಟ್ಟಿದವರಿಗೆ ವಿವರ, ಗೊತ್ತಿಲ್ಲದೆ ರಾತ್ರಿಯಿಡೀ ಗಾಡಿ ಹೊಡೆದುಕೊಂಡು ಹೋಗುವವರಿಗೆ ವಿಶೇಷಣ. ಜಿಲ್ಲೆಗೊಂದು ಆವೃತ್ತಿ ಅಂತ ಮಾಡಿ ನಮ್ಮ ಪತ್ರಿಕೆಗಳು ಬೆಳೆದವು, ನಮ್ಮ ಊರಿನ ಚರಂಡಿ ಸುದ್ದಿಯೂ ಬರುವಂತಾಯಿತು, ಅದು ಖರೇ. ಆದರೆ ಜನ ತಮ್ಮ ಜಿಲ್ಲೆಯಲ್ಲೇ ಕೂಡುವುದಿಲ್ಲವಲ್ಲ.

ಇದು ಬರೀ ಕರಾವಳಿಯ ಮಾತಲ್ಲ, ಆಚೆ ಈಚೆ ಎರಡೂ ಕಡೆ ನಡೆಯುತ್ತದೆ. 2020ರ ಅಕ್ಟೋಬರ್ 13ಕ್ಕೆ ಬಂಗಾಳ ಕೊಲ್ಲಿಯ ಒಂದು ವಾಯುಭಾರ ಕುಸಿತ ಕಾಕಿನಾಡದ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ತಲೆಯ ಮೇಲೆ ಬಂತು. ಮಳೆಯೂ ಬಿತ್ತು, ಉಜನಿಯಿಂದ ನೀರೂ ಬಿಟ್ಟರು. ಧೂಳಖೇಡ, ಉಮರಾಣಿ ಕಡೆಯ ಹೊಲಗಳೆಲ್ಲ ಭೀಮಾದ ಹೊಟ್ಟಿಯೊಳಗ ಹೋದವು. ಕಬ್ಬು, ತೊಗರಿ, ಹತ್ತಿ, ಏನೂ ಉಳಿಯಲಿಲ್ಲ. ಅದು ಸಮುದ್ರದಲ್ಲಿ ಹುಟ್ಟಿದ್ದೇ. ಆದರೆ ಅದರ ಗಾಳಿ ಚಂಡಮಾರುತದ ಮಟ್ಟ ಮುಟ್ಟಲಿಲ್ಲ, ಹಿಂಗಾಗಿ ಅದಕ್ಕೆ ಹೆಸರಿಡಲಿಲ್ಲ. ಹೆಸರಿಲ್ಲದ್ದಕ್ಕೆ ಟಿ.ವಿ.ಯಲ್ಲಿ ಗ್ರಾಫಿಕ್ಸೂ ಇಲ್ಲ. ನಮ್ಮ ಊರು ಮುಳುಗಿದ ಆ ವಾರ ಕರಾವಳಿಯ ಆವೃತ್ತಿ ಓದಿದವರಿಗೆ ಭೀಮಾ ಎಷ್ಟು ಗೊತ್ತಾಯಿತೋ, ನಮಗೆ ಸಮುದ್ರವೂ ಅಷ್ಟೇ ಗೊತ್ತಾಗುತ್ತದೆ.

ಇನ್ನು ಪ್ರವಾಸದ ಪುರವಣಿಗಳ ವಿಷಯ. ಇವುಗಳ ಮೇಲೆ ನನ್ನ ಸಿಟ್ಟು ಜಾಸ್ತಿ. ಪ್ರತಿ ವರ್ಷ ದಸರಾ ಮುಗಿಯುವ ಹೊತ್ತಿಗೆ ಒಂದು ಲೇಖನ ಬರುತ್ತದೆ: ಮಳೆಗಾಲ ಮುಗಿಯಿತು, ಕರಾವಳಿಗೆ ಹೋಗಲು ಅಕ್ಟೋಬರಿನಿಂದ ಸಕಾಲ. ಜೋಡಿಗೆ ಸೂರ್ಯಾಸ್ತದ ಫೋಟೋ, ಗೋಕರ್ಣ, ಓಂ ಬೀಚ್, ಮುರ್ಡೇಶ್ವರ, ಮಲ್ಪೆ, ಎಲ್ಲಿ ಏನು ತಿನ್ನಬೇಕು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲ ಎರಡು: ಮಳೆಗಾಲದ ಮೊದಲು ಮೇ, ಜೂನ್; ಮಳೆಗಾಲ ಮುಗಿದ ಮೇಲೆ ಅಕ್ಟೋಬರ್, ನವೆಂಬರ್, ಡಿಸೆಂಬರಿನ ತನಕ. ‘ಸಕಾಲ’ ಮತ್ತು ಚಂಡಮಾರುತದ ಕಾಲ ಎರಡೂ ಒಂದೇ ತಿಂಗಳುಗಳು. ನಾನು ಓದಿದ ಒಂದು ಪುರವಣಿಯೂ ಈ ಎರಡನ್ನು ಒಂದೇ ಪುಟದಲ್ಲಿ ಇಟ್ಟಿಲ್ಲ. 2019ರಲ್ಲೇ ನೋಡ್ರಿ, ‘ಕ್ಯಾರ್’ ಇನ್ನೂ ಅರಬ್ಬಿ ಸಮುದ್ರದಲ್ಲಿ ಇರುವಾಗಲೇ ಅಕ್ಟೋಬರ್ 30ಕ್ಕೆ ‘ಮಹಾ’ ಎದ್ದಿತು, ಒಂದೇ ಸಮುದ್ರದಲ್ಲಿ ಎರಡು. ಅವತ್ತು ನಾವು ಮುರ್ಡೇಶ್ವರದಲ್ಲಿದ್ದೆವು. ಮುಂದೆ ರಾಜ್ಯೋತ್ಸವದ ರಜೆ, ಅದಕ್ಕೆ ಅಂಟಿಕೊಂಡು ಶನಿವಾರ, ಭಾನುವಾರ. ಜನವೋ ಜನ.

ಪುರವಣಿಗೆ ಸಮುದ್ರ ಅಂದ್ರ ಗೋಡೆಗೆ ಹಾಕಿದ ಕ್ಯಾಲೆಂಡರ್. ನಮ್ಮ ಸಿನೆಮಾದವರಿಗೂ ಹಂಗೇ: ನಾಯಕಿ ಓಡಲಿಕ್ಕೆ ಒಂದು ಜಾಗ. ಇವರಿಗೆಲ್ಲ ನಾನು ಕಾರಂತರ ‘ಮರಳಿ ಮಣ್ಣಿಗೆ’ ಓದಿ ಅಂತ ಹೇಳುತ್ತೇನೆ. ಕೋಡಿಯ ಆ ಮೂರು ತಲೆಮಾರಿನ ಮನೆಗೆ ಸಮುದ್ರ ನೋಡುವ ವಸ್ತು ಅಲ್ಲ, ನೆರೆಮನೆ. ನೆರೆಮನೆಯವರ ಜೋಡಿ ಹೆಂಗೋ ಹಂಗ ಅದರ ಜೋಡಿ ಏಗಿಕೊಂಡು ಬದುಕುತ್ತಾರೆ. ನಾನು ಅದನ್ನು ಮೊದಲು ಓದಿದ್ದು ವಿಜಯಪುರದಲ್ಲಿ ಕಾಲೇಜು ಕಲಿಯುವಾಗ, ಬಿರುಬಿಸಿಲಿನಾಗ, ಸಮುದ್ರ ನೋಡುವ ಎಷ್ಟೋ ವರ್ಷ ಮೊದಲು. ಸಮುದ್ರದ ಪಕ್ಕ ಮನೆ ಕಟ್ಟಿದರೆ ಏನೇನು ಕಷ್ಟ ಅಂತ ನನಗೆ ಗೊತ್ತಾದದ್ದು ಅಲ್ಲಿಂದ. ಕಾದಂಬರಿ ನಾಲ್ಕು ನೂರು ಕಿಲೋಮೀಟರ್ ದಾಟಿ ನನ್ನನ್ನು ಮುಟ್ಟಿತು, ದಿನಪತ್ರಿಕೆ ಮುಟ್ಟಲಿಲ್ಲ.

ಈಗ ಬರೆಯಲಿಕ್ಕೆ ಮನಸ್ಸಾಗದ ಮಾತಿಗೆ ಬರಬೇಕು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಸಮುದ್ರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ವಸತಿ ಶಾಲೆಯ ನಾಲ್ಕು ಹುಡುಗಿಯರು ತೀರಿಕೊಂಡರು. ಶಾಲೆಯ ಪ್ರವಾಸಕ್ಕೆ ಬಂದಿದ್ದವರು. ಕೋಲಾರವೂ ನಮ್ಮಂಗೇ, ಸಮುದ್ರ ಇಲ್ಲ, ವರ್ಷವಿಡೀ ಹರಿಯುವ ಹೊಳೆಯೂ ಇಲ್ಲ, ಕೆರೆ ಅಷ್ಟೇ. ಅದಕ್ಕೂ ಹತ್ತು ದಿನ ಮೊದಲು, ನವೆಂಬರ್ 30ಕ್ಕೆ, ‘ಫೆಂಗಲ್’ ಪುದುಚೇರಿ ಹತ್ತಿರ ದಡ ಮುಟ್ಟಿತ್ತು. ಅದರ ಉಳಿಕೆ ಇಡೀ ದಕ್ಷಿಣ ದಾಟಿ ಡಿಸೆಂಬರ್ ಮೊದಲ ವಾರ ನಮ್ಮ ಕರಾವಳಿಯಲ್ಲೂ ಜೋರು ಮಳೆ ಸುರಿಸಿತು, ಮಂಗಳೂರು, ಉಡುಪಿ ಕಡೆ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಆ ದುರಂತಕ್ಕೆ ಫೆಂಗಲ್ ಕಾರಣ ಅಂತ ನಾನು ಹೇಳುತ್ತಿಲ್ಲ, ಹಂಗ ಹೇಳಲಿಕ್ಕೆ ನನ್ನ ಹತ್ತಿರ ಆಧಾರ ಇಲ್ಲ. ನಾನು ಹೇಳುವುದು ಆಮೇಲೆ ಬಂದ ಬರವಣಿಗೆಯ ಬಗ್ಗೆ.

ಒಂದು ವಾರ ಓದಿದೆ. ಶಿಕ್ಷಕರ ತಪ್ಪು, ಅಮಾನತು, ಪರಿಹಾರ ಐದು ಲಕ್ಷ, ಬೀಚ್ ಬಂದ್, ಯಾರು ಏನು ಹೇಳಿಕೆ ಕೊಟ್ಟರು. ಎಲ್ಲಾ ಬೇಕಾದದ್ದೇ, ಬೇಡ ಅನ್ನುವುದಿಲ್ಲ. ಆದರೆ ನೀರು ಏನು ಮಾಡಿತು? ‘ಅಲೆಗಳ ಅಬ್ಬರಕ್ಕೆ ಸಿಲುಕಿ’ ಅನ್ನುವುದೇ ಹೆಚ್ಚು. ಕೆಲವೆಡೆ ‘ಸುಳಿ’. ಸುಳಿ ಅಂದ್ರ ನಮಗ ಗೊತ್ತು, ಹೊಳಿಯಾಗ ಗರಗರ ತಿರುಗೂದು. ಸಮುದ್ರದ ದಂಡೆಯಲ್ಲಿ ಮನುಷ್ಯರನ್ನು ಒಯ್ಯುವುದು ಬಹಳ ಸಲ ತಿರುಗುವುದಿಲ್ಲ, ನೆಟ್ಟಗೆ ಒಳಗೆ ಹರಿಯುತ್ತದೆ. ಶಬ್ದ ತಪ್ಪಾದರೆ ಉಪಾಯವೂ ತಪ್ಪುತ್ತದೆ. ಸುಳಿ ಅಂತ ತಿಳಿದವ ಕೆಳಗೆ ಎಳೆಯುತ್ತದೆ ಅಂತ ಹೆದರಿ ಕೈಕಾಲು ಬಡಿಯುತ್ತಾನೆ. ಸೆಳವು ಅಂತ ತಿಳಿದವನಿಗೆ ಅದು ಕೆಳಗೆ ಎಳೆಯುವುದಿಲ್ಲ, ಆಚೆ ಒಯ್ಯುತ್ತದೆ ಅಂತ ಗೊತ್ತಿರುತ್ತದೆ. ಅದರ ಅಗಲ ಸಣ್ಣದು. ಎದುರು ಈಜಿದರೆ ದಣಿವು, ದಂಡೆಗುಂಟ ಅಡ್ಡ ಹೋದರೆ ದಾರಿ. ಈಜು ಬಾರದವ ಅಂಗಾತ ತೇಲಿ ಕೈ ಎತ್ತಿ ಕೂಗಬೇಕು. ಹೊರಗಿದ್ದವರು ಒಬ್ಬರ ಹಿಂದೆ ಒಬ್ಬರು ಹಾರಬಾರದು, ತೇಲುವ ಏನಾದರೂ ಎಸೆಯಬೇಕು, ಒಂದು ಖಾಲಿ ಕ್ಯಾನಾದರೂ. ಇಷ್ಟು ಬರೆಯಲು ಒಂದು ಕಾಲಂ ಸಾಕು.

ಬಾವುಟದ ಮಾತೂ ಹಂಗೇ. ಕೆಂಪು ಮತ್ತು ಹಳದಿ ಕೂಡಿದ ಬಾವುಟ ಎರಡು ಕಡೆ ನೆಟ್ಟಿದ್ದರೆ ನಡುವಿನ ಜಾಗ ಕಾವಲಿನದು, ಅಲ್ಲಿ ಇಳಿಯಬಹುದು. ಬರೀ ಕೆಂಪು ಇದ್ದರೆ ಇಳಿಯಬಾರದು. ನಮ್ಮ ಎಷ್ಟು ಮಂದಿಗೆ ಗೊತ್ತು? ಬಸ್ಸಿನಲ್ಲಿ ಬಂದ ಹುಡುಗರು ಹಳದಿ ಕೆಂಪು ನೋಡಿದ ಕೂಡಲೇ ನಮ್ಮ ಕನ್ನಡ ಬಾವುಟ ಅಂದುಕೊಂಡು ಅದರ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ನಾನೇ ನೋಡೀನಿ. ನಗಬ್ಯಾಡ್ರಿ, ಅವರಿಗೆ ಯಾರು ಹೇಳ್ಯಾರ? ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಕಡೆಯ ಪಡುಬಿದ್ರಿಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಸಿಕ್ಕಾಗ ಹೆಮ್ಮೆಯ ಸುದ್ದಿ ಬಂತು. ಅಲ್ಲಿ ಜೀವರಕ್ಷಣೆಯ ವ್ಯವಸ್ಥೆ ಇರಬೇಕು, ದಂಡೆಯ ನಕ್ಷೆಯ ಫಲಕ ಹಾಕಬೇಕು ಅನ್ನುವುದೂ ಆ ಮಾನ್ಯತೆಯ ಷರತ್ತು. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರಿಗೆ ಬೇಕಾದದ್ದು ಹೆಮ್ಮೆ ಅಲ್ಲ, ಈ ಷರತ್ತು.

ಈ ಅಂಕಣ ಬರೆಯಲು ಕೂತದ್ದಕ್ಕೆ ಕಾರಣ ನಮ್ಮ ಓಣಿಯ ಒಬ್ಬ ಮಾಸ್ತರರು. ಮುಂದಿನ ವಾರ ಅವರ ಶಾಲೆಯ ಮಕ್ಕಳು ಧರ್ಮಸ್ಥಳ, ಉಡುಪಿ, ಮುರ್ಡೇಶ್ವರ, ಗೋಕರ್ಣ ಅಂತ ಹೊರಟಾರ. ಮೊನ್ನೆ ಸಂಜೀಮುಂದ ಬಂದು, “ಸರ್, ನೀವು ಭಾಳ ಓದಿದವರು, ಸಮುದ್ರಕ್ಕ ಇಳಿಸಬೇಕೋ ಬ್ಯಾಡೋ ಹೇಳ್ರಿ. ಇಳಿಸಲಿಲ್ಲಂದ್ರ ಹುಡುಗರು ಅಳ್ತಾವ, ಇಳಿಸಿದ್ರ ನನಗ ನಿದ್ದಿ ಹತ್ತೂದಿಲ್ಲ” ಅಂದರು. ನಾನು ಆ ವಾರದ ನಾಲ್ಕು ಪೇಪರು ಅವರ ಮುಂದೆ ಹರವಿದೆ. ಇಬ್ಬರೂ ಕೂಡಿ ಹುಡುಕಿದೆವು. ಮುರ್ಡೇಶ್ವರದಲ್ಲಿ ಈಗ ಎಲ್ಲಿ ಇಳಿಯಬಹುದು, ಅಲೆ ಹೆಂಗದ, ಕಾವಲು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನತನಕ, ಒಂದು ಸಾಲೂ ಸಿಗಲಿಲ್ಲ. ಮೂರನೇ ಪೇಪರಿನಲ್ಲಿ ಸೂರ್ಯಾಸ್ತ ಇತ್ತು.

ಕೊನೆಗೆ ನನ್ನ ಮೊಬೈಲಿನಲ್ಲಿ ಇನ್‌ಕಾಯ್ಸಿನ ಪುಟ ತೆಗೆದು ಹೆಂಗ ಓದಬೇಕು ಅಂತ ತೋರಿಸಿದೆ. ಹೊರಡುವ ಹಿಂದಿನ ದಿನ ಒಮ್ಮೆ, ದಂಡೆ ಮುಟ್ಟುವ ದಿನ ಮುಂಜಾನೆ ಒಮ್ಮೆ ನೋಡ್ರಿ ಅಂದೆ. ದಂಡೆಗೆ ಹೋದ ಕೂಡಲೇ ಮಕ್ಕಳನ್ನು ಮರಳಿನ ಮ್ಯಾಲೆ ಕೂಡಿಸಿ ಹದಿನೈದು ನಿಮಿಷ ಬರೀ ನೀರು ನೋಡಿಸ್ರಿ, ನೊರೆ ಒಡೆಯದ ಪಟ್ಟಿ ಎಲ್ಲಿ ಅದ ಅಂತ ಅವರನ್ನೇ ಕೇಳ್ರಿ, ಮೊದಲು ಗುರುತು ಹಿಡಿದವರಿಗೆ ಒಂದು ಪೆನ್ನು ಕೊಡ್ರಿ ಅಂದೆ. ಮಾಸ್ತರರು ಎಲ್ಲಾ ಡೈರಿಯಲ್ಲಿ ಬರೆದುಕೊಂಡರು. ಒಳಗಿಂದ ಅವ್ವ, “ಪೆನ್ನ ಯಾಕೋ, ಒಡ್ಡು ಒಡದದ್ದು ಯಾರಿಗೆ ಕಾಣಂಗಿಲ್ಲ” ಅಂದಳು. 2019ರಲ್ಲಿ ಅವಳು ಪಾದ ಮುಳುಗುವಷ್ಟು ನೀರಿಗೆ ಮಾತ್ರ ಹೋಗಿ, ಅಷ್ಟಕ್ಕೇ ಕೈ ಮುಗಿದು, ಹಿಂದೆ ಬಂದು ಕೂತಿದ್ದಳು. ಆ ತಣ್ಣನೆಯ ಪಟ್ಟಿಯ ಕಡೆ ನೋಡಿ ಏನೋ ಅಂದಿದ್ದಳಂತೆ. ಅಲೆಯ ಸಪ್ಪಳದಾಗ ನನಗ ಕೇಳಿಸಿರಲಿಲ್ಲ.